ಒಂದು ಸ್ಪೇಸ್, 46 ಫೈಲ್: ಟರ್ಮಿನಲ್‌ನಲ್ಲಿ ಕೈ ಜಾರಿದ ಕಥೆ

(ಈ ವಾರದ ಪಾಡ್‌ಕಾಸ್ಟ್‌ನ ಅಕ್ಷರರೂಪ. ಮಾತಿನ ಧಾಟಿಯನ್ನು ಹಾಗೆಯೇ ಉಳಿಸಿಕೊಳ್ಳಲಾಗಿದೆ.)



ಇವತ್ತು ಕಂಪ್ಯೂಟರಿನ ಕಪ್ಪು ಪರದೆ ಬಗ್ಗೆ ಮಾತಾಡೋಣ. ಸಿನಿಮಾದಲ್ಲಿ ಹ್ಯಾಕರ್ ಬಂದ ತಕ್ಷಣ ತೋರಿಸ್ತಾರಲ್ಲ, ಕಪ್ಪು ಹಿನ್ನೆಲೆ, ಹಸಿರು ಅಕ್ಷರ, ಅದೇ. ಅದಕ್ಕೆ ಟರ್ಮಿನಲ್ ಅಂತಾರೆ. ಮೌಸ್ ಇಲ್ಲದೆ, ಬರೀ ಟೈಪ್ ಮಾಡಿ ಫೈಲುಗಳನ್ನ ನೋಡೋದು, ನಕಲು ಮಾಡೋದು, ಜಾಗ ಬದಲಿಸೋದು, ಅಳಿಸೋದು ಹೇಗೆ ಅನ್ನೋದು ವಿಷಯ. ಆದರೆ ಪಾಠಕ್ಕಿಂತ ಮೊದಲು ನಾನು ಕಳ್ಕೊಂಡಿದ್ದರ ಕಥೆ ಹೇಳ್ತೀನಿ. ಯಾಕಂದ್ರೆ ಈ ವಿಷಯ ನನಗೆ ತಲೆಗೆ ಹತ್ತಿದ್ದು ಆ ಏಟು ಬಿದ್ದ ಮೇಲೆ.

ದೊಡ್ಡಪ್ಪನ ಕ್ಯಾಸೆಟ್ಟುಗಳು

ನಮ್ಮೂರು ಸಾಗರದ ಹತ್ತಿರ. ನಮ್ಮ ದೊಡ್ಡಪ್ಪ ತಾಳಮದ್ದಳೆಯಲ್ಲಿ ಅರ್ಥ ಹೇಳ್ತಿದ್ರು. ಗೊತ್ತಿಲ್ಲದವರಿಗೆ ಒಂದು ಮಾತು: ತಾಳಮದ್ದಳೆ ಅಂದ್ರೆ ಯಕ್ಷಗಾನದ ಪ್ರಸಂಗವೇ, ಆದರೆ ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ ಹೇಳ್ತಾರೆ, ಅರ್ಥಧಾರಿಗಳು ಕೂತಲ್ಲೇ ಮಾತಾಡ್ತಾರೆ. ಆ ಮಾತನ್ನ ಯಾರೂ ಮೊದಲೇ ಬರೆದಿಟ್ಟಿರಲ್ಲ. ಆ ರಾತ್ರಿ, ಎದುರಿಗೆ ಕೂತವರು ಏನು ಕೇಳಿದ್ರೋ ಅದಕ್ಕೆ ತಕ್ಕ ಹಾಗೆ ಹುಟ್ಟಿದ್ದು. ರೆಕಾರ್ಡ್ ಆಗಿಲ್ಲ ಅಂದ್ರೆ ಅದು ಅಲ್ಲಿಗೇ ಮುಗೀತು.

ದೊಡ್ಡಪ್ಪ ತೀರಿಕೊಂಡ ಮೇಲೆ ಮನೆಯ ಕಪಾಟಲ್ಲಿ 23 ಕ್ಯಾಸೆಟ್ ಸಿಕ್ಕವು. ನಾನಾಗ ಎಂಜಿನಿಯರಿಂಗ್ ಎರಡನೇ ವರ್ಷ. ಲ್ಯಾಪ್‌ಟಾಪಿಗೆ ಹೊಸದಾಗಿ ಲಿನಕ್ಸ್ ಹಾಕ್ಕೊಂಡಿದ್ದೆ. ನಾನೇ ಮಾಡ್ತೀನಿ ಅಂದೆ. ರಜೆಯಲ್ಲಿ ಹಳೇ ಟೇಪ್ ರೆಕಾರ್ಡರನ್ನ ವೈರ್ ಹಾಕಿ ಲ್ಯಾಪ್‌ಟಾಪಿಗೆ ಜೋಡಿಸಿ, ಒಂದೊಂದೇ ಕ್ಯಾಸೆಟ್ ಪೂರ್ತಿ ಓಡಿಸಿ ಇಳಿಸಿದೆ. ಕ್ಯಾಸೆಟ್ಟಿಗೆ ಎರಡು ಬದಿ, ಅಂದ್ರೆ 46 ಫೈಲ್. ಒಂದೊಂದು ಹೆಚ್ಚುಕಮ್ಮಿ 45 ನಿಮಿಷ. ಎಲ್ಲ ಸೇರಿ 20 ಜಿಬಿ ದಾಟಿತು.

ಮುಗಿದ ದಿನ ದೊಡ್ಡಮ್ಮನಿಗೆ ದೊಡ್ಡ ಜಂಬದಿಂದ ಹೇಳಿದ್ದೆ: 'ದೊಡ್ಡಮ್ಮ, ಎಲ್ಲ ಕಂಪ್ಯೂಟರಿಗೆ ಬಂತು. ಇನ್ನು ಕ್ಯಾಸೆಟ್ ಬೇಕಂತಲೇ ಇಲ್ಲ.'

ಈ ಮಾತು ನೆನಪಿಟ್ಟುಕೊಳ್ಳಿ. ಇದಕ್ಕೆ ಆಮೇಲೆ ಬರ್ತೀನಿ.

ಪರದೆ ಹೇಳಿದ್ದು ಎರಡೇ ಸಾಲು

ಕೆಲವು ತಿಂಗಳು ಕಳೀತು. ಡಿಸ್ಕ್ ತುಂಬ್ತಾ ಬಂದಿತ್ತು. ರೆಕಾರ್ಡಿಂಗ್ ಮಾಡೋವಾಗ ಹುಟ್ಟಿದ ತಾತ್ಕಾಲಿಕ ಫೈಲುಗಳು ಅದೇ ಫೋಲ್ಡರಲ್ಲಿ ಬಿದ್ದಿದ್ದವು. ಅವೆಲ್ಲದರ ಹೆಸರಿನ ಕೊನೆಗೆ ಡಾಟ್ ಟಿಎಂಪಿ ಅಂತಿತ್ತು. ಅವನ್ನ ಅಳಿಸೋಣ ಅಂತ ಟರ್ಮಿನಲ್ ತೆಗೆದೆ.

ಅಳಿಸೋ ಆಜ್ಞೆಯ ಹೆಸರು ಆರ್‌ಎಂ. ರಿಮೂವ್ ಅನ್ನೋದರ ಚುಟುಕು ರೂಪ. ನಾನು ಟೈಪ್ ಮಾಡಬೇಕಿದ್ದಿದ್ದು ಹೀಗೆ: ಆರ್‌ಎಂ, ಒಂದು ಸ್ಪೇಸ್, ಆಮೇಲೆ ಸ್ಟಾರ್ ಡಾಟ್ ಟಿಎಂಪಿ, ಮೂರೂ ಅಂಟಿಕೊಂಡ ಹಾಗೆ. ಸ್ಟಾರ್ ಅಂದ್ರೆ 'ಏನು ಬೇಕಾದ್ರೂ ಇರಲಿ' ಅಂತ. ಹೆಸರು ಏನಿದ್ರೂ ಸರಿ, ಕೊನೆಗೆ ಡಾಟ್ ಟಿಎಂಪಿ ಇರೋದನ್ನ ಅಳಿಸು ಅಂತ ಅರ್ಥ.

ನನ್ನ ಹೆಬ್ಬೆರಳು ಸ್ಟಾರ್ ಆದ ಮೇಲೆ ಇನ್ನೊಂದು ಸಲ ಸ್ಪೇಸ್ ಒತ್ತಿತು. ಅಷ್ಟೇ.

ಈಗ ಆಜ್ಞೆಯ ಅರ್ಥವೇ ಬದಲಾಯ್ತು. ಮೊದಲು, ಇಲ್ಲಿರೋ ಎಲ್ಲ ಫೈಲ್ ಅಳಿಸು. ಆಮೇಲೆ, ಡಾಟ್ ಟಿಎಂಪಿ ಅನ್ನೋ ಹೆಸರಿನ ಇನ್ನೊಂದು ಫೈಲನ್ನೂ ಅಳಿಸು.

ಎಂಟರ್ ಒತ್ತಿದೆ. ಪರದೆ ಮೇಲೆ ಎರಡು ಸಾಲು ಬಂತು. 'ಆಯ್ದದ್ದು' ಅನ್ನೋದು ಫೋಲ್ಡರ್, ಅಳಿಸೋಕಾಗಲ್ಲ. ಡಾಟ್ ಟಿಎಂಪಿ ಅನ್ನೋ ಫೈಲ್ ಇಲ್ಲ. ನಾನು ಏನಂದ್ಕೊಂಡೆ ಗೊತ್ತಾ? ಓಹೋ, ಟಿಎಂಪಿ ಫೈಲೇ ಇಲ್ವಂತೆ, ಅಂದ್ರೆ ಏನೂ ಅಳಿಸಿಲ್ಲ ಅಂತ! ಅದು ದೂರು ಹೇಳಿದ್ದು ಆಗದೇ ಇರೋ ಎರಡು ಕೆಲಸದ ಬಗ್ಗೆ. ಆಗಿಹೋದ ಕೆಲಸದ ಬಗ್ಗೆ ಒಂದಕ್ಷರ ಹೇಳಲಿಲ್ಲ. ಎಲ್‌ಎಸ್ ಅಂತ ಟೈಪ್ ಮಾಡಿ ಪಟ್ಟಿ ಕೇಳಿದೆ. ಒಂದೇ ಒಂದು ಹೆಸರು ಬಂತು: ಆಯ್ದದ್ದು. 46 ಫೈಲ್ ಇರಲಿಲ್ಲ.

ಅದು ಯಾಕೆ ಕೇಳಲಿಲ್ಲ?

ನೀವು ಫೋನಲ್ಲಿ ಫೋಟೋ ಅಳಿಸಿದ್ರೆ ಏನಾಗುತ್ತೆ? 'ಖಂಡಿತ ಅಳಿಸಬೇಕಾ' ಅಂತ ಕೇಳುತ್ತೆ. ಆಮೇಲೂ ಬಹಳಷ್ಟು ಗ್ಯಾಲರಿ ಆ್ಯಪುಗಳು ಅದನ್ನ ಕಸದ ಬುಟ್ಟಿಯಲ್ಲಿ ಒಂದಷ್ಟು ದಿನ ಇಟ್ಟಿರುತ್ತವೆ. ಟರ್ಮಿನಲ್ಲಿನ ಆರ್‌ಎಂಗೆ ಬುಟ್ಟಿ ಇಲ್ಲ. ಮಾಮೂಲಿಯಾಗಿ ಪ್ರಶ್ನೆಯೂ ಇಲ್ಲ.

ಈ ಸ್ವಭಾವ ಯುನಿಕ್ಸ್ ಕಾಲದಿಂದ ಬಂದದ್ದು. 1969ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್, ಡೆನ್ನಿಸ್ ರಿಚಿ ಮತ್ತವರ ಜೊತೆಗಾರರು ಯುನಿಕ್ಸ್ ಶುರು ಮಾಡಿದಾಗ ಈಗಿನ ಥರ ಪರದೆ ಇರಲಿಲ್ಲ. ಟೆಲಿಟೈಪ್ ಅನ್ನೋ ಯಂತ್ರ ಕಾಗದದ ಮೇಲೆ ಅಕ್ಷರ ಕುಟ್ಟುತ್ತಿತ್ತು. ಆಗ ಚಾಲ್ತಿಯಲ್ಲಿದ್ದ ಮಾಡೆಲ್ 33 ಟೆಲಿಟೈಪಿನ ವೇಗ ಸೆಕೆಂಡಿಗೆ 10 ಅಕ್ಷರ. ಅಂಥ ಯಂತ್ರದ ಮುಂದೆ ಕೂತವರಿಗೆ ಉದ್ದುದ್ದ ಮಾತು ಯಾಕೆ ಬೇಕು? ಅದಕ್ಕೇ ಎಲ್‌ಎಸ್, ಸಿಪಿ, ಎಂವಿ, ಆರ್‌ಎಂ ಅಂತ ಎರಡೆರಡೇ ಅಕ್ಷರದ ಹೆಸರುಗಳು. ಕೆಲಸ ಸರಿಯಾಗಿ ಆದ್ರೆ ಸುಮ್ಮನಿರು, ಎಡವಟ್ಟಾದ್ರೆ ಮಾತ್ರ ಹೇಳು ಅನ್ನೋದು ಅಲ್ಲಿನ ರೂಢಿ. ಅದೇ ರೂಢಿ ಇವತ್ತಿನ ಲಿನಕ್ಸ್‌ನಲ್ಲೂ ಇದೆ, ಮ್ಯಾಕ್‌ನಲ್ಲೂ ಇದೆ.

ಇನ್ನೊಂದು ಸಂಗತಿ ನನಗೆ ಆಗ ಗೊತ್ತಿರಲಿಲ್ಲ. ಸ್ಟಾರನ್ನ ಓದೋದು ಆರ್‌ಎಂ ಅಲ್ಲ. ನೀವು ಟೈಪ್ ಮಾಡಿದ್ದನ್ನ ಮೊದಲು ಕೇಳಿಸಿಕೊಳ್ಳೋದು ಶೆಲ್ ಅನ್ನೋ ಪ್ರೋಗ್ರಾಂ. ಅದು ಸ್ಟಾರ್ ಇದ್ದ ಜಾಗಕ್ಕೆ ಹೊಂದೋ ಹೆಸರುಗಳನ್ನೆಲ್ಲ ತುಂಬಿಸಿ, ಆ ಪಟ್ಟಿಯನ್ನ ಆರ್‌ಎಂ ಕೈಗೆ ಕೊಡುತ್ತೆ. ಹೋಟೆಲ್ ನೆನೆಸ್ಕೊಳ್ಳಿ. ನೀವು ಮಾಣಿಗೆ ಹೇಳ್ತೀರಿ, ಮಾಣಿ ಒಳಗೆ ಹೋಗಿ ಕೂಗ್ತಾನೆ. ಅಡುಗೆಯವರಿಗೆ ನೀವೇನಂದ್ರಿ ಅನ್ನೋದು ಗೊತ್ತಿಲ್ಲ, ಮಾಣಿ ಕೂಗಿದ್ದಷ್ಟೇ ಗೊತ್ತು. ಆರ್‌ಎಂಗೆ ಸಿಕ್ಕಿದ್ದು ಹೆಸರುಗಳ ಉದ್ದದ ಪಟ್ಟಿ. 'ಇವನು ಸ್ಪೇಸ್ ತಪ್ಪಾಗಿ ಒತ್ತಿರಬಹುದು' ಅಂತ ಅನುಮಾನ ಪಡೋಕೆ ಅದರ ಹತ್ತಿರ ಸುಳಿವೇ ಇರಲಿಲ್ಲ.

ಅಳಿಸಿದ್ದು ಎಲ್ಲಿ ಹೋಗುತ್ತೆ?

ಫೈಲ್ ಅಳಿಸಿದ ತಕ್ಷಣ ಡಿಸ್ಕಿನಿಂದ ದತ್ತಾಂಶ ಒರೆಸಿಹೋಗಲ್ಲ. ಫೋಲ್ಡರ್ ಅಂದ್ರೆ ಒಂದು ಪಟ್ಟಿ: ಈ ಹೆಸರಿನ ಫೈಲ್ ಇಂಥ ಕಡೆ ಇದೆ ಅಂತ. ಆರ್‌ಎಂ ಮಾಡೋದು ಆ ಪಟ್ಟಿಯಿಂದ ಹೆಸರು ತೆಗೆಯೋ ಕೆಲಸ. ಪಹಣಿಯಲ್ಲಿ ಹೆಸರು ಹೊಡೆದುಹಾಕಿದ ಹಾಗೆ. ಜಮೀನು ಅಲ್ಲೇ ಇರುತ್ತೆ, ಬೆಳೆಯೂ ಇರುತ್ತೆ. ಆದರೆ ಈಗ ಅದು ಖಾಲಿ ಜಾಗ ಅಂತ ಲೆಕ್ಕ, ಯಾರಿಗೆ ಬೇಕಾದ್ರೂ ಮಂಜೂರಾಗಬಹುದು. ಹೊಸ ಫೈಲ್ ಬಂದು ಅದೇ ಜಾಗದಲ್ಲಿ ಕೂತ್ರೆ ಹಳೇದು ನಿಜವಾಗ್ಲೂ ಹೋಯ್ತು.

ಹಾಗಾಗಿ ಇಂಥದ್ದು ಆದಾಗ ಮಾಡಬೇಕಾದ ಮೊದಲ ಕೆಲಸ ಕೈ ಕಟ್ಟಿ ಕೂರೋದು. ಆ ಡಿಸ್ಕಿಗೆ ಏನನ್ನೂ ಬರೆಯಬಾರದು. ಸಾಧ್ಯವಾದ್ರೆ ಯಂತ್ರ ಆಫ್ ಮಾಡಿ, ಡಿಸ್ಕನ್ನ ಬೇರೆ ಕಂಪ್ಯೂಟರಿಗೆ ಹಾಕಿ ಹುಡುಕಬೇಕು. ನಾನು ಮಾಡಿದ್ದೇನು? ಗಾಬರಿಯಲ್ಲಿ ಬ್ರೌಸರ್ ತೆಗೆದು, ಒಂದು ಗಂಟೆ ಹುಡುಕಾಡಿ, ಫೈಲ್ ವಾಪಸ್ ತರೋ ಸಾಫ್ಟ್‌ವೇರನ್ನ ಅದೇ ಡಿಸ್ಕಿಗೆ ಇಳಿಸಿದೆ. ಅಂದ್ರೆ ಖಾಲಿ ಅಂತ ಬರೆದಿದ್ದ ಜಮೀನಿಗೆ ನಾನೇ ನೇಗಿಲು ಹೂಡಿದೆ. ಕೊನೆಗೆ ಸಿಕ್ಕಿದ್ದು ಹೆಸರಿಲ್ಲದ ಕೆಲವು ತುಂಡುಗಳು. ಮಧ್ಯದಲ್ಲಿ ಕರಕರ ಸದ್ದು, ಆಮೇಲೆ ನಿಶ್ಶಬ್ದ.

ಅದು ಹಳೇ ಹಾರ್ಡ್ ಡಿಸ್ಕ್. ಈಗಿನ ಎಸ್‌ಎಸ್‌ಡಿಗಳಲ್ಲಿ, ಫೋನುಗಳಲ್ಲಿ ಅಷ್ಟೂ ಆಸೆ ಇಟ್ಟುಕೊಳ್ಳೋ ಹಾಗಿಲ್ಲ. ಅಳಿಸಿದ ಜಾಗ ಇನ್ನು ಬೇಡ ಅಂತ ಸಿಸ್ಟಮ್ಮೇ ಡಿಸ್ಕಿಗೆ ಹೇಳುತ್ತೆ, ಡಿಸ್ಕ್ ಅದನ್ನ ತಾನೇ ಖಾಲಿ ಮಾಡಿಕೊಳ್ಳುತ್ತೆ. ಟ್ರಿಮ್ ಅಂತಾರೆ ಅದಕ್ಕೆ.

ಆ ಫೋನ್ ಕಾಲ್

ಎರಡು ದಿನ ಯಾರಿಗೂ ಹೇಳಲಿಲ್ಲ. ಆಮೇಲೆ ದೊಡ್ಡಮ್ಮನಿಗೆ ಫೋನ್ ಮಾಡಿ, ಏನೂ ಆಗದವನ ಥರ ಕೇಳಿದೆ: 'ದೊಡ್ಡಮ್ಮ, ಆ ಕ್ಯಾಸೆಟ್ಟೆಲ್ಲ ಇದಾವಲ್ಲ?'

'ಅಯ್ಯೋ, ನೀನೇ ಹೇಳಿದ್ಯಲ್ಲೋ ಮಾರಾಯ, ಎಲ್ಲ ಕಂಪ್ಯೂಟರಿಗೆ ಬಂತು, ಇನ್ನು ಬೇಡ ಅಂತ. ಮಳೆಗಾಲದಲ್ಲಿ ಬೂಷ್ಟು ಹಿಡಿದಿತ್ತು. ಕಪಾಟು ಖಾಲಿ ಮಾಡುವಾಗ ತುಂಬ ಹಾಳಾದ್ದೆಲ್ಲ ಎಸೆದ್ವಿ. ಒಂದಿಷ್ಟು ಇರಬೇಕು, ನೋಡ್ತೀನಿ.'

ಒಂಬತ್ತು ಇತ್ತು. 14 ಹೋಗಿತ್ತು. ನಾನು ಆಗ ಸತ್ಯ ಹೇಳಿದೆ. ದೊಡ್ಡಮ್ಮ ಬೈಯಲಿಲ್ಲ. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ 'ಕರ್ಣಪರ್ವದ್ದು ಇದೆಯಾ' ಅಂತ ಕೇಳಿದ್ರು. ಅದು ಹೋದ 14ರಲ್ಲಿತ್ತು.

ಪೂರ್ತಿ ಹೋಗಲಿಲ್ಲ ಅನ್ನೋದೇ ಸಮಾಧಾನ. 'ಆಯ್ದದ್ದು' ಫೋಲ್ಡರ್ ಉಳೀತಲ್ಲ, ಅದರೊಳಗೆ ನಾನು ಕತ್ತರಿಸಿಟ್ಟ ಆರು ತುಣುಕು ಇದ್ದವು. ಆರ್‌ಎಂ ಒಂದೇ ಆದ್ರೆ ಫೋಲ್ಡರ್ ಅಳಿಸಲ್ಲ. ಅದರ ಜೊತೆ ಅಡ್ಡಗೆರೆ ಆರ್ ಅಂತ ಸೇರಿಸಿದ್ರೆ ಫೋಲ್ಡರ್, ಅದರೊಳಗಿನ ಫೋಲ್ಡರ್, ಎಲ್ಲ ಗುಡಿಸಿಹಾಕುತ್ತೆ. ಅಡ್ಡಗೆರೆ ಆರ್‌ಎಫ್ ಅಂದ್ರೆ ಏನನ್ನೂ ಕೇಳದೆ ಗುಡಿಸುತ್ತೆ. ಅಂತರ್ಜಾಲದಲ್ಲಿ ಯಾರೋ ಕೊಟ್ಟ ಆಜ್ಞೆಯಲ್ಲಿ ಇದನ್ನ ನೋಡಿದ್ರೆ ಅರ್ಥ ಆಗೋವರೆಗೂ ಎಂಟರ್ ಒತ್ತಬೇಡಿ.

ದೊಡ್ಡವರೂ ಎಡವಿದ್ದಾರೆ

ಇದು ಕಲಿಯೋ ಹುಡುಗರ ತಪ್ಪು ಅಷ್ಟೇ ಅಂದ್ಕೋಬೇಡಿ. 1998ರಲ್ಲಿ ಪಿಕ್ಸಾರ್ ಸ್ಟುಡಿಯೋದಲ್ಲಿ 'ಟಾಯ್ ಸ್ಟೋರಿ 2' ಸಿನಿಮಾ ತಯಾರಾಗ್ತಿದ್ದಾಗ ಯಾರೋ ತಪ್ಪು ಜಾಗದಲ್ಲಿ ಆರ್‌ಎಂ ಓಡಿಸಿದ್ರು. ಸಿನಿಮಾದ ಫೈಲುಗಳು ಕಣ್ಣೆದುರೇ ಒಂದೊಂದಾಗಿ ಮಾಯವಾದವು. ಬ್ಯಾಕಪ್ ನೋಡಿದ್ರೆ ಅದೂ ಸರಿಯಾಗಿ ಕೆಲಸ ಮಾಡಿರಲಿಲ್ಲ. ಉಳಿಸಿದ್ದು ಗೇಲಿನ್ ಸಸ್ಮನ್ ಅನ್ನೋ ತಂತ್ರಜ್ಞೆ. ಮಗು ಹುಟ್ಟಿದ್ದರಿಂದ ಅವರು ಮನೆಯಿಂದ ಕೆಲಸ ಮಾಡ್ತಿದ್ರು, ಮನೆಯ ಕಂಪ್ಯೂಟರಲ್ಲಿ ಒಂದು ನಕಲು ಇತ್ತು. ಅದನ್ನ ಕಂಬಳಿಯಲ್ಲಿ ಸುತ್ತಿ ಕಾರಲ್ಲಿ ಹುಷಾರಾಗಿ ಸ್ಟುಡಿಯೋಗೆ ತಂದ್ರು.

2017ರ ಜನವರಿ 31ರಂದು ಗಿಟ್‌ಲ್ಯಾಬ್ ಕಂಪನಿಯ ಎಂಜಿನಿಯರೊಬ್ಬರು ಒಂದು ಸರ್ವರಲ್ಲಿ ಅಳಿಸಬೇಕಾದ್ದನ್ನ ಇನ್ನೊಂದರಲ್ಲಿ ಅಳಿಸಿದ್ರು. ತಪ್ಪು ಗೊತ್ತಾಗಿ ತಕ್ಷಣ ನಿಲ್ಲಿಸಿದ್ರೂ ಸುಮಾರು 300 ಜಿಬಿಯಲ್ಲಿ ಉಳಿದಿದ್ದು 4.5 ಜಿಬಿ. ಅವರ ಹಲವು ಬ್ಯಾಕಪ್ ವ್ಯವಸ್ಥೆಗಳು ಕೈಕೊಟ್ಟವು. ಆರು ಗಂಟೆ ಹಿಂದೆ ತೆಗೆದಿದ್ದ ಒಂದು ನಕಲು ಸಿಕ್ಕಿದ್ದರಿಂದ ಬಚಾವಾದ್ರು. ಏನಾಯ್ತು ಅಂತ ಕಂಪನಿ ಮುಚ್ಚಿಡದೆ ಎಲ್ಲರ ಮುಂದೆ ಬರೆದು ಹೇಳಿತು. ಅದು ನನಗೆ ಬಹಳ ಇಷ್ಟವಾದ ವಿಷಯ.

ಎರಡೂ ಕಡೆ ಕೈ ಜಾರಿದ್ದು ಒಬ್ಬರದು. ಆದರೆ ನಷ್ಟ ದೊಡ್ಡದಾಗಿದ್ದು, ಬ್ಯಾಕಪ್ ಇದೆ ಅಂತ ಎಲ್ಲರೂ ನಂಬಿ, ತೆಗೆದು ನೋಡದೇ ಇದ್ದಿದ್ದರಿಂದ.

ನಾನೀಗ ಹೇಗೆ ಮಾಡ್ತೀನಿ

ಮೊದಲನೇದು, ಎಲ್ಲಿದ್ದೀನಿ ಅಂತ ನೋಡ್ಕೊಳ್ಳೋದು. ಅದಕ್ಕೆ ಪಿಡಬ್ಲ್ಯೂಡಿ ಅನ್ನೋ ಆಜ್ಞೆ. ರಸ್ತೆ ಗುಂಡಿ ಮುಚ್ಚೋ ಇಲಾಖೆ ಅಲ್ಲ, ಈಗ ನಿಂತಿರೋ ಫೋಲ್ಡರ್ ಯಾವುದು ಅಂತ ಹೇಳೋದು. ಅಳಿಸೋ ಮೊದಲು ಇದನ್ನ ಕೇಳ್ಕೊಳ್ಳೋಕೆ ಮೂರು ಅಕ್ಷರ ಖರ್ಚು.

ಎರಡನೇದು, ಅಳಿಸೋದನ್ನ ಮೊದಲು ಕಣ್ಣಲ್ಲಿ ನೋಡೋದು. ಆರ್‌ಎಂ ಸ್ಟಾರ್ ಡಾಟ್ ಟಿಎಂಪಿ ಅನ್ನೋ ಬದಲು ಮೊದಲು ಎಲ್‌ಎಸ್ ಸ್ಟಾರ್ ಡಾಟ್ ಟಿಎಂಪಿ. ಪಟ್ಟಿ ಬರುತ್ತೆ. ಅದರಲ್ಲಿ ಬೇಕಾದ್ದು ಏನಾದ್ರೂ ಇದೆಯಾ ಅಂತ ಓದಿ. ಸರಿಯಿದ್ರೆ ಮೇಲ್ಮುಖದ ಬಾಣದ ಕೀ ಒತ್ತಿ, ಅದೇ ಸಾಲು ವಾಪಸ್ ಬರುತ್ತೆ, ಎಲ್‌ಎಸ್ ಅನ್ನೋದನ್ನ ಮಾತ್ರ ಆರ್‌ಎಂ ಅಂತ ಬದಲಿಸಿ. ಸ್ಟಾರ್ ಇರೋ ಭಾಗ ಮುಟ್ಟಬೇಡಿ. ಇದೊಂದು ಅಭ್ಯಾಸ ಇದ್ದಿದ್ರೆ ನನ್ನ 46 ಫೈಲ್ ಇರ್ತಿತ್ತು.

ಮೂರನೇದು, ಅಳಿಸೋ ಬದಲು ಸರಿಸೋದು. ಎಂಕೆಡಿಐಆರ್ ಅಂದ್ರೆ ಹೊಸ ಫೋಲ್ಡರ್ ಮಾಡೋ ಆಜ್ಞೆ. 'ಕಸ' ಅಂತ ಒಂದು ಫೋಲ್ಡರ್ ಮಾಡಿ, ಎಂವಿ ಆಜ್ಞೆಯಿಂದ ಬೇಡದ್ದನ್ನ ಅಲ್ಲಿಗೆ ಹಾಕಿ. ಒಂದು ವಾರ ಬಿಟ್ಟು ಅಳಿಸಿ. ಆದರೆ ಎಂವಿ, ಸಿಪಿ ಕೂಡ ಮೌನಿಗಳೇ. ಹೋಗೋ ಜಾಗದಲ್ಲಿ ಅದೇ ಹೆಸರಿನ ಫೈಲ್ ಇದ್ರೆ ಹೇಳದೆ ಅದರ ಮೇಲೆ ಬರೆದುಬಿಡ್ತವೆ. ಅಡ್ಡಗೆರೆ ಐ ಅಂತ ಸೇರಿಸಿದ್ರೆ ಕೇಳಿ ಮಾಡ್ತವೆ. ಆರ್‌ಎಂಗೂ ಇದು ನಡೆಯುತ್ತೆ.

ನಾಲ್ಕನೇದು, ಹೆಸರಲ್ಲಿ ಸ್ಪೇಸ್ ಬೇಡ. ಟರ್ಮಿನಲ್ಲಿಗೆ ಸ್ಪೇಸ್ ಅಂದ್ರೆ ಒಂದು ಹೆಸರು ಮುಗೀತು, ಇನ್ನೊಂದು ಶುರು ಅಂತ. ನಿಮ್ಮ ಫೋನಲ್ಲಿ 'ವಾಟ್ಸ್‌ಆ್ಯಪ್ ಇಮೇಜಸ್' ಅಂತ ಫೋಲ್ಡರ್ ಇರುತ್ತಲ್ಲ, ಅದನ್ನ ಹಾಗೇ ಟೈಪ್ ಮಾಡಿದ್ರೆ ಎರಡು ಬೇರೆ ಬೇರೆ ಹೆಸರು ಅಂತ ತಿಳ್ಕೊಳ್ಳುತ್ತೆ. ಉದ್ಧರಣ ಚಿಹ್ನೆಯ ಒಳಗೆ ಇಡಬೇಕು, ಇಲ್ಲವೇ ಬೇರೆ ಹೆಸರಿಗೆ ಹೊಂದದಷ್ಟು ಮೊದಲ ಅಕ್ಷರಗಳನ್ನ ಹೊಡೆದು ಟ್ಯಾಬ್ ಕೀ ಒತ್ತಬೇಕು, ಉಳಿದಿದ್ದನ್ನ ಅದೇ ಸರಿಯಾಗಿ ತುಂಬಿಸುತ್ತೆ. ನೀವೇ ಹೆಸರಿಡೋವಾಗ ಸ್ಪೇಸ್ ಬದಲು ಅಡ್ಡಗೆರೆ ಹಾಕಿ. ದಿನಾಂಕವನ್ನ ವರ್ಷ, ತಿಂಗಳು, ದಿನ ಈ ಕ್ರಮದಲ್ಲಿ ಬರೆದ್ರೆ ಪಟ್ಟಿ ತಾನಾಗೇ ಕಾಲಕ್ರಮದಲ್ಲಿ ನಿಲ್ಲುತ್ತೆ.

ಅಂದ ಹಾಗೆ ಕನ್ನಡದಲ್ಲೂ ಹೆಸರಿಡಬಹುದು. ಲಿನಕ್ಸ್‌ನ ಮಾಮೂಲಿ ಫೈಲ್ ವ್ಯವಸ್ಥೆಯಲ್ಲಿ ಹೆಸರಿಗೆ 255 ಬೈಟ್ ಮಿತಿ. ಕನ್ನಡದ ಒಂದೊಂದು ಯೂನಿಕೋಡ್ ಚಿಹ್ನೆಗೂ 3 ಬೈಟ್, ಒತ್ತಕ್ಷರ ಗುಣಿತ ಎಲ್ಲ ಬೇರೆ ಬೇರೆ ಲೆಕ್ಕ. ಹಾಗಾಗಿ 85 ಚಿಹ್ನೆ ಮೀರೋ ಹಾಗಿಲ್ಲ. ಕೆಲವು ಟರ್ಮಿನಲ್ಲುಗಳು ಒತ್ತಕ್ಷರವನ್ನ ಒಡೆದು ತೋರಿಸ್ತವೆ, ಆದರೆ ಹೆಸರು ಒಳಗೆ ಸರಿಯಾಗೇ ಇರುತ್ತೆ.

ಐದನೇದು ಎಲ್ಲಕ್ಕಿಂತ ದೊಡ್ಡದು. ಬೇಕಾದ್ದು ಮೂರು ಕಡೆ ಇರಬೇಕು, ಎರಡು ಬೇರೆ ಥರದ ಸಾಧನದಲ್ಲಿ, ಅದರಲ್ಲಿ ಒಂದು ಬೇರೆ ಊರಲ್ಲೋ ಬೇರೆ ಮನೆಯಲ್ಲೋ. ಇದನ್ನ 3-2-1 ನಿಯಮ ಅಂತಾರೆ. ಅದಕ್ಕೆ ನಾನು ಸೇರಿಸೋದು ಒಂದೇ: ತಿಂಗಳಿಗೊಮ್ಮೆ ಆ ನಕಲಿಂದ ಒಂದು ಫೈಲ್ ತೆಗೆದು ಓಡಿಸಿ ನೋಡಿ. ಓಡಿಸಿ ನೋಡದ ನಕಲು ಲೆಕ್ಕಕ್ಕಿಲ್ಲ.

ನೀವೇ ಮಾಡಿ ನೋಡಿ

ನಿಮ್ಮ ಹತ್ತಿರ ಲ್ಯಾಪ್‌ಟಾಪ್ ಇಲ್ಲದಿದ್ರೂ ಪರವಾಗಿಲ್ಲ. ಆಂಡ್ರಾಯ್ಡ್ ಫೋನಿನ ಒಳಗೆ ಓಡ್ತಿರೋದು ಲಿನಕ್ಸ್ ಕರ್ನೆಲ್ಲೇ. ಟರ್ಮಕ್ಸ್ ಅನ್ನೋ ಉಚಿತ ಆ್ಯಪ್ ಹಾಕ್ಕೊಂಡ್ರೆ ಫೋನಲ್ಲೇ ಟರ್ಮಿನಲ್ ಸಿಗುತ್ತೆ. ಒಂದು ಎಚ್ಚರಿಕೆ: ಟರ್ಮಕ್ಸ್ ತೆಗೆದುಹಾಕಿದ್ರೆ ಅದರ ಸ್ವಂತ ಫೋಲ್ಡರಲ್ಲಿ ನೀವಿಟ್ಟಿದ್ದೆಲ್ಲ ಅದರ ಜೊತೆಗೇ ಹೋಗುತ್ತೆ.

ಅದರಲ್ಲಿ 'ಆಟ' ಅಂತ ಒಂದು ಫೋಲ್ಡರ್ ಮಾಡಿ. ಸಿಡಿ ಆಜ್ಞೆಯಿಂದ ಅದರೊಳಗೆ ಹೋಗಿ. ಟಚ್ ಅನ್ನೋ ಆಜ್ಞೆ ಖಾಲಿ ಫೈಲ್ ಹುಟ್ಟಿಸುತ್ತೆ. ಮೂರು ಡಾಟ್ ಟಿಎಂಪಿ ಫೈಲು, ಎರಡು ಬೇರೆ ಫೈಲು ಮಾಡಿ. ಈಗ ಎಲ್‌ಎಸ್ ಹಾಕಿ, ಸ್ಟಾರ್ ಡಾಟ್ ಟಿಎಂಪಿ ಒಟ್ಟಿಗೆ ಕೊಡಿ. ಮೂರು ಹೆಸರು ಬರುತ್ತೆ. ಆಮೇಲೆ ಸ್ಟಾರ್ ಆದ ಮೇಲೆ ಒಂದು ಸ್ಪೇಸ್ ಬಿಟ್ಟು ಕೊಡಿ. ಐದೂ ಬರುತ್ತೆ, ಜೊತೆಗೆ ಡಾಟ್ ಟಿಎಂಪಿ ಸಿಗಲಿಲ್ಲ ಅಂತ ಒಂದು ದೂರು. ನಾನು ಅವತ್ತು ಅರ್ಥ ಮಾಡ್ಕೊಳ್ಳದೇ ಇದ್ದ ಸಾಲು ಅದೇ. ನೀವು ಅದನ್ನ ಏನೂ ಕಳ್ಕೊಳ್ಳದೆ ನೋಡಬಹುದು.

ಇಷ್ಟೆಲ್ಲ ಅಪಾಯ ಇದ್ರೆ ಇದರ ಸಹವಾಸ ಯಾಕೆ ಅಂತ ಕೇಳಬಹುದು. ನೋಡಿ, ವಾಟ್ಸ್‌ಆ್ಯಪ್ ಚಿತ್ರಗಳ ಹೆಸರಲ್ಲೇ ದಿನಾಂಕ ಇರುತ್ತೆ. ಫೋನಿಂದ ಲ್ಯಾಪ್‌ಟಾಪಿಗೆ ತಂದ ಐದು ಸಾವಿರ ಚಿತ್ರವನ್ನ ವರ್ಷವಾರು ಬೇರೆ ಬೇರೆ ಫೋಲ್ಡರಿಗೆ ಹಾಕೋದು ಬೆರಳಲ್ಲಿ ಒಂದೊಂದೇ ಒತ್ತಿ ಮುಗಿಯೋ ಕೆಲಸ ಅಲ್ಲ. ಟರ್ಮಿನಲ್ಲಲ್ಲಿ ವರ್ಷಕ್ಕೆ ಒಂದು ಸಾಲು ಸಾಕು. ಸ್ಟಾರಿಗೆ ಇರೋ ಆ ಶಕ್ತಿಯೇ ನನ್ನ ಫೈಲನ್ನೂ ತೆಗೆದುಕೊಂಡು ಹೋಗಿದ್ದು.

ಉಳಿದ ಒಂಬತ್ತು ಕ್ಯಾಸೆಟ್ ಮತ್ತೆ ಇಳಿಸಿದ್ದೀನಿ, 18 ಫೈಲ್. ಲ್ಯಾಪ್‌ಟಾಪಲ್ಲಿ ಒಂದು, ಹೊರಗಿನ ಡಿಸ್ಕಲ್ಲಿ ಒಂದು, ಅಕ್ಕನ ಮನೆಯಲ್ಲಿ ಒಂದು. ಕ್ಯಾಸೆಟ್ಟುಗಳು ಈಗ ನನ್ನ ಹತ್ತಿರ ಇದಾವೆ, ಗಾಳಿಯಾಡದ ಡಬ್ಬಿಯಲ್ಲಿ. 'ಆಯ್ದದ್ದು' ಫೋಲ್ಡರಿನ ಆರು ತುಣುಕಲ್ಲಿ ಒಂದು ಕರ್ಣಪರ್ವದ್ದೇ, ನಾಲ್ಕು ನಿಮಿಷ. ಅದು ದೊಡ್ಡಮ್ಮನ ಫೋನಲ್ಲಿದೆ. ಊರಿಗೆ ಹೋದಾಗಲೆಲ್ಲ ಅದನ್ನ ಹಾಕಿ ಅಂತಾರೆ. ನಾಲ್ಕು ನಿಮಿಷ ಮುಗಿದು ನಿಂತಾಗ, 'ಆಮೇಲೆ ಏನು ಹೇಳ್ತಾರೆ ಗೊತ್ತಾ' ಅಂತ ತಾವೇ ಮುಂದಿನದನ್ನ ಹೇಳೋಕೆ ಶುರು ಮಾಡ್ತಾರೆ. ಹೋದ ಸಲ ನಾನು ಅದನ್ನೂ ರೆಕಾರ್ಡ್ ಮಾಡಿದೆ.

ಈ ವಾರ ಒಂದು ಕೆಲಸ ಮಾಡಿ. ನಿಮ್ಮ ಫೋನಲ್ಲಿ ಮಾತ್ರ ಇರೋ, ಇನ್ನೆಲ್ಲೂ ಇಲ್ಲದ ಒಂದು ಫೈಲ್ ಯಾವುದು ಅಂತ ಹುಡುಕಿ. ಅದನ್ನ ಇನ್ನೊಂದು ಕಡೆ ನಕಲು ಮಾಡಿ, ತೆಗೆದು ನೋಡಿ. ಆಮೇಲೆ ಟರ್ಮಿನಲ್ ಕಲಿಯೋಣ.